ದೊರೆಸಾನಿಯ ಹಿಮ್ಮಡಿ

ಕಾಲಿನಿಂದ ಕಳಚಿ ಬಿದ್ದದ್ದನ್ನು ಮತ್ತೆ ಕಾಲಿಗೇ ಅಂಟಿಸಬೇಕೇ ಬೇಡವೇ ಎಂಬುದು ಮನುಕುಲದ ಮುಂದಿರುವ ಅತ್ಯಂತ ಗಹನವಾದ ಪ್ರಶ್ನೆಗಳಲ್ಲಿ ಒಂದು. ಸಾಮ್ರಾಜ್ಯಗಳು ಏಕೆ ಉರುಳಿದವು, ನದಿಗಳು ಏಕೆ ಪಾತ್ರ ಬದಲಿಸಿದವು ಎಂದು ದಪ್ಪ ದಪ್ಪ ಗ್ರಂಥ ಬರೆದ ವಿದ್ವಾಂಸರು ಈ ಪ್ರಶ್ನೆಯ ತಂಟೆಗೆ ಹೋಗಿಲ್ಲ. ಹೋದವನು ಗಮ್ಮಣ್ಣ ಒಬ್ಬನೇ. ಉತ್ತರ ಹುಡುಕಲು ಅವನಿಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಅಂಟಿಸಬೇಕು, ಅದೂ ಮೊದಲಿಗಿಂತ ಗಟ್ಟಿಯಾಗಿ ಅಂಟಿಸಬೇಕು.

ಗಮ್ಮಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯೇ ಅವನ ಬೂಟು ಚಪ್ಪಲಿ ರಿಪೇರಿ ಅಂಗಡಿ. ಗೋಡೆಯುದ್ದಕ್ಕೂ ಗಿರಾಕಿಗಳು ಬಿಟ್ಟುಹೋದ ಜೋಡುಗಳು, ಮರೆತುಹೋದ ಒಂಟಿಗಳು, ಮೂಲೆಯಲ್ಲಿ ಕಬ್ಬಿಣದ ಮೂರು ಕಾಲಿನ ಅಚ್ಚು, ಅದರ ಪಕ್ಕದಲ್ಲಿ ಸಲ್ಯೂಷನ್ ಡಬ್ಬಿ. ಆ ಸಲ್ಯೂಷನ್ನಿಗೆ ಅವನು ತನ್ನದೇ ಏನೋ ಒಂದು ಪುಡಿ ಬೆರೆಸುತ್ತಿದ್ದ. ಏನು ಪುಡಿ ಎಂದು ಕೇಳಿದವರಿಗೆ ನಗು ಮಾತ್ರ ಸಿಗುತ್ತಿತ್ತು. ಅವನು ಅಂಟಿಸಿದ ಅಟ್ಟೆ ಬೂಟು ಹರಿದರೂ ಬಿಡುವುದಿಲ್ಲ ಎಂಬ ಮಾತು ನಾಲ್ಕು ಬೀದಿಗಳಲ್ಲಿ ಚಾಲ್ತಿಯಲ್ಲಿತ್ತು. ಆದರೂ ಪ್ರತಿ ಜೋಡನ್ನೂ ಗಿರಾಕಿಯ ಕೈಗೆ ಕೊಡುವಾಗ ಅವನು ತಪ್ಪದೆ ಒಂದು ಮಾತು ಹೇಳುತ್ತಿದ್ದ: "ಬಿಟ್ಟರೆ ತನ್ನಿ." ಯಾರೂ ತರುತ್ತಿರಲಿಲ್ಲ. ಬಿಡುತ್ತಲೇ ಇರಲಿಲ್ಲವಲ್ಲ. ಬಿಡಬಹುದಾದದ್ದನ್ನು ಅಂಟಿಸುವವರು ಆ ಮಾತನ್ನು ಕ್ಷಮಾಪಣೆಯ ಹಾಗೆ ಹೇಳುತ್ತಾರೆ, ತಾನು ಮಾತ್ರ ಉಪಚಾರಕ್ಕೆ ಹೇಳುತ್ತೇನೆ ಎಂಬುದು ಅವನ ಅಭಿಪ್ರಾಯ. ಮುಂದೆ ನಡೆದದ್ದಕ್ಕೆಲ್ಲ ಈ ಅಭಿಪ್ರಾಯವೇ ಮೂಲ.

ಅಂಗಡಿಯ ಹಿಂದೆ ಎರಡು ಕೋಣೆ, ಅಡುಗೆಮನೆ, ಅದರಾಚೆ ಕೊಟ್ಟಿಗೆ. ಕೊಟ್ಟಿಗೆ ಅವನ ಹೆಂಡತಿಯ ರಾಜ್ಯ. ಬೀದಿಯವರು ಅವಳನ್ನು ಹಾಲಿನಕ್ಕ ಎನ್ನುತ್ತಿದ್ದರು. ಮೂರು ಹಸುಗಳು, ಎರಡಕ್ಕೆ ಹೆಸರಿರಲಿಲ್ಲ, ಅವು ಮೂರನೆಯದರ ಹಿಂದೆ ನಡೆಯುವುದಕ್ಕಷ್ಟೇ ಹುಟ್ಟಿದಂತಿದ್ದವು. ಮೂರನೆಯದು ದೊರೆಸಾನಿ. ಕರುವಾಗಿದ್ದಾಗಲೇ ತಾಯಿ ಸತ್ತು, ಹಾಲಿನಕ್ಕ ಅದನ್ನು ಅಡುಗೆಮನೆಯ ಬಾಗಿಲಲ್ಲಿ ಕಟ್ಟಿಕೊಂಡು ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಆಗೊಮ್ಮೆ ಕರು ಹಗ್ಗ ಬಿಚ್ಚಿಕೊಂಡು ಅಂಗಡಿಗೆ ನುಗ್ಗಿ ಅರ್ಧ ಡಬ್ಬಿ ಕರಿ ಪಾಲಿಶ್ ನೆಕ್ಕಿತ್ತು. ಎರಡು ದಿನ ಕರು ಎದ್ದಿರಲಿಲ್ಲ. ಎದ್ದ ಮೇಲೆ ಹಾಲಿನಕ್ಕ ಗಂಡನಿಗೆ ಒಂದು ಆಜ್ಞೆ ಹೊರಡಿಸಿದಳು: "ನಿಮ್ಮ ಡಬ್ಬಿ, ನಿಮ್ಮ ವಾಸನೆ, ನೀವು, ಮೂರೂ ಕೊಟ್ಟಿಗೆ ಹೊಸಿಲು ದಾಟಬಾರದು." ಗಮ್ಮಣ್ಣ ದಾಟಿರಲಿಲ್ಲ. ಹಾಲನ್ನು ಕುಡಿಯುತ್ತಿದ್ದ, ಹಸುವನ್ನು ಕಿಟಕಿಯಿಂದ ನೋಡುತ್ತಿದ್ದ.

ಮನೆಯಲ್ಲಿ ಹಾಲಿನಕ್ಕನ ಮಾತನ್ನು ಪೂರ್ತಿ ಕೇಳುತ್ತಿದ್ದ ಜೀವ ದೊರೆಸಾನಿಯೊಂದೇ. ಗಂಡನ ಕಿವಿ ಸುತ್ತಿಗೆಯ ಸದ್ದಿನಲ್ಲಿ ಮುಳುಗಿರುತ್ತಿತ್ತು. ಅತ್ತೆಗೆ ಕೇಳುವುದಕ್ಕಿಂತ ಹೇಳುವುದರಲ್ಲಿ ಆಸಕ್ತಿ ಹೆಚ್ಚು. ಹಾಲು ಕರೆಯುತ್ತ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಅವಳು ಹೇಳಿದ್ದನ್ನೆಲ್ಲ ದೊರೆಸಾನಿ ಮೆಲುಕು ಹಾಕುತ್ತ ಆಲಿಸುತ್ತಿತ್ತು, ನಡುವೆ ಬಾಯಿ ಹಾಕುತ್ತಿರಲಿಲ್ಲ.

ಆ ದೊರೆಸಾನಿ ಕುಂಟತೊಡಗಿತು.

ಮೊದಲು ಕುಂಟಿದ್ದು ಕಾಲಲ್ಲ, ಬೆನ್ನು. ಚಪ್ಪಟೆಯಾಗಿರುತ್ತಿದ್ದ ಬೆನ್ನು ನಡೆಯುವಾಗ ಸ್ವಲ್ಪ ಕಮಾನಾಗುತ್ತಿತ್ತು. ಮೇಯಲು ಹೊರಟಾಗ ಹಿಂದಿನ ಎಡಗಾಲನ್ನು ಇಡುವ ಮುಂಚೆ ಒಂದು ಯೋಚನೆ ಮಾಡುತ್ತಿತ್ತು. ಹಿಂದೆ ಬರುವ ಎರಡು ಹಸುಗಳೂ ಅದರ ಯೋಚನೆ ಮುಗಿಯುವವರೆಗೆ ಕಾಯುತ್ತಿದ್ದವು. ಓಣಿಯಲ್ಲಿ ಸೈಕಲ್ಲಿನವರು ಗಂಟೆ ಬಾರಿಸಿ ಬಾರಿಸಿ ಸುಸ್ತಾದರು.

"ವಯಸ್ಸು ಕಣೇ," ಎಂದಳು ಅತ್ತೆ, ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ನೀಡಿ ಕುಳಿತು. "ನನ್ನ ಮಂಡಿ ಹತ್ತು ವರ್ಷದಿಂದ ಹೀಗೇ ಇದೆ. ಯಾರಾದ್ರೂ ಗಂಟೆ ಬಾರಿಸಿದ್ರಾ?"

"ನಿಮಗಿಂತ ಅದು ಚಿಕ್ಕದು, ಅತ್ತೆ."

"ಕೆಲಸ ನನಗಿಂತ ಜಾಸ್ತಿ ಮಾಡುತ್ತೆ ಅಂತ ಹೇಳ್ಬಿಡು, ಅದೂ ಒಂದು ಬಾಕಿ ಯಾಕೆ."

ಹಾಲಿನಕ್ಕ ಗೊರಸು ತೊಳೆದಳು, ಮೈಲುತುತ್ತದ ನೀರಿನಲ್ಲಿ ಕಾಲು ನಿಲ್ಲಿಸಿದಳು, ಕೊಟ್ಟಿಗೆಯ ಸಿಮೆಂಟು ನೆಲಕ್ಕೆ ಒಣ ಹುಲ್ಲು ಹಾಸಿದಳು. ಹಸು ಹುಲ್ಲನ್ನು ತಿಂದಿತು, ಕುಂಟುವುದನ್ನು ಬಿಡಲಿಲ್ಲ. ಅವಳು ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

ಆ ಕಡೆಯ ಹಸು ಎಮ್ಮೆಗಳಿಗೆಲ್ಲ ಈ ಡಾಕ್ಟರಮ್ಮ ಒಬ್ಬರೇ. ಸದಾ ಮೊಣಕಾಲವರೆಗೆ ರಬ್ಬರ್ ಬೂಟು, ಸದಾ ಇನ್ನೆಲ್ಲಿಗೋ ತಡವಾದ ಮುಖ. ದೊರೆಸಾನಿಯನ್ನು ಎರಡು ಕಂಬಗಳ ನಡುವೆ ನಿಲ್ಲಿಸಿ, ತೊಲೆಗೆ ಹಗ್ಗ ಹಾಕಿ ಹಿಂದಿನ ಎಡಗಾಲನ್ನು ಎತ್ತಿ ಕಟ್ಟಿ, ಬಾಗಿದ ಅಲಗಿನ ಚಾಕುವಿನಿಂದ ಗೊರಸನ್ನು ಸಿಪ್ಪೆ ಸಿಪ್ಪೆಯಾಗಿ ಕೆತ್ತಿದರು. ಗೊರಸಿನ ಎರಡು ಹೋಳುಗಳಲ್ಲಿ ಹೊರಗಿನದರ ತಳದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಕೆತ್ತಿದಷ್ಟೂ ಚುಕ್ಕೆ ತೂತಾಯಿತು. ತೂತಿನಿಂದ ಕೀವು ಬಂತು. ದೊರೆಸಾನಿ ಒಮ್ಮೆ ಮೈ ನಡುಗಿಸಿ ಸುಮ್ಮನಾಯಿತು.

"ನೋಡಿ ಅಮ್ಮ," ಎಂದರು ಡಾಕ್ಟರಮ್ಮ, ಚಾಕುವಿನ ತುದಿಯಿಂದ ತೋರಿಸುತ್ತ. "ಹೊರಗಿಂದು ಹುಣ್ಣಾಗಿದೆ. ಒಳಗಿಂದು ಚೆನ್ನಾಗಿದೆ. ಈಗ ಒಳಗಿನ ಹೋಳಿಗೆ ಕೆಳಗಿಂದ ಒಂದು ಮರದ ತುಂಡು ಅಂಟಿಸ್ತೀನಿ. ಭಾರವೆಲ್ಲ ಅದು ಹೊರುತ್ತೆ, ಹುಣ್ಣಿಂದು ನೆಲ ಮುಟ್ಟಲ್ಲ, ಮಾಯುತ್ತೆ."

"ಚೆನ್ನಾಗಿರೋ ಕಾಲಿಗಾ ಔಷಧಿ?"

"ಔಷಧಿ ಅಲ್ಲ, ಮೆಟ್ಟು ಅಂದ್ಕೊಳ್ಳಿ. ಎತ್ತರದ ಮೆಟ್ಟು."

ಅಡುಗೆಮನೆಯ ಕಿಟಕಿಯಲ್ಲಿ ಒಂದು ತಲೆ ಕಾಣಿಸಿಕೊಂಡಿತು.

ಸಾಬೂನಿನ ಬಿಲ್ಲೆಯಷ್ಟಿದ್ದ ಆ ಮರದ ತುಂಡನ್ನು ಡಾಕ್ಟರಮ್ಮ ಅದ್ಯಾವುದೋ ಎರಡು ಟ್ಯೂಬಿನ ಅಂಟನ್ನು ಕಲಸಿ ಒಳಗಿನ ಹೋಳಿಗೆ ಒತ್ತಿ ಹಿಡಿದರು. ಹಿಂದುಗಡೆ ಒಂದು ಬೆರಳಷ್ಟು ಹೊರಗೆ ಚಾಚಿಕೊಂಡಿತ್ತು. ಅಂಟು ಗಟ್ಟಿಯಾಗುವವರೆಗೆ ಎಲ್ಲರೂ ಕಾದು ನಿಂತರು. ಕಾಲು ಇಳಿಸಿದಾಗ ದೊರೆಸಾನಿ ಒಂದು ಹೆಜ್ಜೆ ಇಟ್ಟಿತು, ಯೋಚಿಸಿತು, ಇನ್ನೊಂದು ಇಟ್ಟಿತು. ಬೆನ್ನು ಚಪ್ಪಟೆಯಾಯಿತು.

ಹಾಲಿನಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಡಾಕ್ಟರಮ್ಮ ಕೈ ತೊಳೆಯುತ್ತ, ಮನಸ್ಸು ಆಗಲೇ ಮುಂದಿನ ಕೊಟ್ಟಿಗೆಯಲ್ಲಿದ್ದಂತೆ, ಹೇಳಿದರು: "ಒಣಗಿದ ಜಾಗದಲ್ಲಿ ಇಟ್ಟುಕೊಳ್ಳಿ. ಮರ ಬಿದ್ದರೆ ಫೋನ್ ಮಾಡಿ." ಗಾಡಿ ಹತ್ತಿದರು.

ಬಿದ್ದರೆ ಫೋನ್ ಮಾಡಿ. ಹಾಲಿನಕ್ಕ ಅದನ್ನು ಕೇಳಿದಳು. ಕಿಟಕಿಯ ತಲೆಯೂ ಕೇಳಿತು. ಆ ತಲೆಗೆ ಈ ಮಾತು ಹೊಸದೇನಲ್ಲ.

"ಡಾಕ್ಟರಮ್ಮಂಗೆ ಅವರ ಅಂಟಿನ ಮೇಲೆ ಅಷ್ಟೇನೂ ನಂಬಿಕೆ ಇಲ್ಲ," ಎಂದ ಗಮ್ಮಣ್ಣ ಊಟದ ಹೊತ್ತಿಗೆ, ಕೆಡುಕಿಲ್ಲದ ದನಿಯಲ್ಲಿ.

"ನಿಮಗೆ ಹೇಗೆ ಗೊತ್ತು?"

"ಹೋಗುವಾಗಲೇ ಹೇಳಿಬಿಟ್ಟರಲ್ಲ, ಬಿದ್ದರೆ ಅಂತ. ಪಾಪ, ಅವರು ಓದಿದ್ದು ಹಸು. ಅಂಟು ಬೇರೆಯೇ ಶಾಸ್ತ್ರ."

"ಅಂಟು ಹಾಳಾಗಲಿ, ನಡೀತಿದೆಯಲ್ಲ."

"ನಡೀತಿದೆ. ಹಿಂದೆ ಚಾಚಿಕೊಂಡಿದೆ ನೋಡು, ಅದು ಮಾತ್ರ ಒರಟು ಕೆಲಸ. ಅಷ್ಟು ಉದ್ದ ಹಿಮ್ಮಡಿ ಬಿಟ್ಟರೆ ಎಲ್ಲಾದರೂ ಸಿಕ್ಕಿಕೊಂಡು ಕಿತ್ತು ಬರುತ್ತೆ."

ಅವನ ಭವಿಷ್ಯ ನಿಜವಾಯಿತು. ಮಳೆಗಾಲದ ಕೊನೆಯ ಕೆಸರು ಒಣಗುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಹಸುಗಳು ಕಾಲುವೆಯ ಕಡೆಯಿಂದ ಮರಳಿದಾಗ ದೊರೆಸಾನಿಯ ಕಾಲು ಬರಿದಾಗಿತ್ತು. ಹೆಜ್ಜೆ ಸ್ವಲ್ಪ ಅಳುಕಿತ್ತು; ಎತ್ತರದ ಮೆಟ್ಟನ್ನು ಅಷ್ಟು ದಿನ ಹಾಕಿ ತೆಗೆದವರು ಯಾರೇ ಆದರೂ ಹಾಗೇ ನಡೆಯುತ್ತಾರೆ. ಹಾಲಿನಕ್ಕನ ಕಣ್ಣಿಗೆ ಅಳುಕು ಮಾತ್ರ ಕಂಡಿತು. ಬಂದ ದಾರಿಯಲ್ಲೇ ತಿರುಗಿ ಹೋಗಿ, ಓಣಿಯ ಕೆಸರು ಕೆದಕಿ ಕೆದಕಿ, ಮರದ ತುಂಡನ್ನು ಹುಡುಕಿ ತಂದಳು. ನಲ್ಲಿಯ ಕೆಳಗೆ ತೊಳೆದಳು. ಒಂದು ಗಳಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಂದು ಕಡೆ ಫೋನು, ಇನ್ನೊಂದು ಕಡೆ ಅಂಗಡಿ.

ಅಂಗಡಿಗೆ ಹೋದಳು.

"ರೀ," ಎಂದಳು. "ಇದನ್ನ ಅಂಟಿಸೋಕೆ ನಿಮ್ಮ ಕೈಲಾಗುತ್ತಾ?"

ಗಮ್ಮಣ್ಣ ಸುತ್ತಿಗೆ ಕೆಳಗಿಟ್ಟ. ಮದುವೆಯಾದ ಮೇಲೆ ಹೆಂಡತಿ ಅವನ ಕಸುಬಿನಿಂದ ಬೇಡಿದ ಮೊದಲ ಉಪಕಾರ ಅದು. ತನ್ನ ಚಪ್ಪಲಿಯನ್ನು ಸಹ ಅವಳು ಪಿನ್ನು ಚುಚ್ಚಿಕೊಂಡೇ ನಡೆಯುತ್ತಿದ್ದಳು. ಅವನು ಮರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ನಾನು ಹೇಳಿರಲಿಲ್ಲವಾ."

"ಡಾಕ್ಟರಮ್ಮಂಗೆ ಹೇಳಬೇಕಾ?"

"ಯಾಕೆ ಹೇಳೋದು? ನಿಮ್ಮ ಅಂಟು ಬಿಡ್ತು ಅಂತ ಹೇಳಿದ್ರೆ ಅವರಿಗೂ ಒಂಥರಾ. ಅಷ್ಟು ದೂರದಿಂದ ಬರಬೇಕು. ಈ ಕೆಲಸಕ್ಕೆ ಅವರನ್ನ ಕರೆಯೋದು ಅಂದ್ರೆ, ಮನೆಯಲ್ಲಿ ಬಾವಿ ಇಟ್ಟುಕೊಂಡು ಪಕ್ಕದ ಮನೆಗೆ ಕೊಡ ಹಿಡಿದು ಹೋದ ಹಾಗೆ."

"ಹಾಗಾದ್ರೆ ಬನ್ನಿ," ಎಂದಳು ಹಾಲಿನಕ್ಕ.

ಅವನು ಡಬ್ಬಿ ಹಿಡಿದು ಕೊಟ್ಟಿಗೆಯ ಹೊಸಿಲ ಬಳಿ ನಿಂತು ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ದಾಟಿದ.

ಆ ಮನೆಯಲ್ಲಿ ಅಷ್ಟು ಸುಖದ ಸಂಜೆ ಹಿಂದೆ ಇರಲಿಲ್ಲ, ಮುಂದೆ ಬರಲಿಲ್ಲ. ಹಾಲಿನಕ್ಕ ಹಗ್ಗ ಹಾಕಿ ಕಾಲು ಎತ್ತಿ ಕಟ್ಟಿ, ಹಸುವಿನ ಕುತ್ತಿಗೆಯಡಿಯ ಗಂಗೆದೊಗಲು ಸವರುತ್ತ ನಿಂತಳು. ಗಮ್ಮಣ್ಣ ಗೊರಸಿನ ತಳವನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿದ, ಅರದಿಂದ ಉಜ್ಜಿದ, ಮತ್ತೆ ಒರೆಸಿದ. ಮರದ ಹಳೆಯ ಅಂಟನ್ನೆಲ್ಲ ಹೆರೆದು ತೆಗೆದ. ಹಿಂದೆ ಒರಟಾಗಿ ಚಾಚಿಕೊಂಡಿದ್ದ ಬೆರಳಷ್ಟು ಭಾಗವನ್ನು ಗರಗಸದಿಂದ ಕೊಯ್ದು, ಅಂಚನ್ನು ಗುಂಡಗೆ ಮಾಡಿ, ಉಪ್ಪುಕಾಗದ ಹಾಕಿ ನುಣುಪು ಮಾಡಿದ. ಹೆಂಗಸರ ಒಳ್ಳೆಯ ಮೆಟ್ಟಿಗೆ ಕೂರಿಸುವ ಹಿಮ್ಮಡಿಯಂತಾಯಿತು. ಸಲ್ಯೂಷನ್ ಹಚ್ಚಿ, ಆರಲು ಬಿಟ್ಟು, ಮತ್ತೊಂದು ಪದರ ಹಚ್ಚಿ, ಅಂಗೈಯಿಂದ ಒತ್ತಿ ಹಿಡಿದುಕೊಂಡು ಕೂತ.

"ಸಾಕು ಬಿಡಿ, ಕೈ ನೋವಾಗುತ್ತೆ."

"ಇರು. ಈಗ ಬಿಟ್ಟರೆ ಅಂಟಿಗೆ ಬೇಜಾರಾಗುತ್ತೆ."

ಅವಳು ನಕ್ಕಳು. ಅತ್ತೆ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದಳು.

"ಹಡೆದವಳ ಮಂಡಿಗೆ ಒಂದು ತುಂಡು ಮರ ಅಂಟಿಸೋ ಗತಿ ಇಲ್ಲ, ಹಸುವಿಗೆ ಹೈ ಹೀಲ್ಡು."

"ನೀನೂ ನಾಲ್ಕು ಲೀಟರ್ ಕೊಡಮ್ಮ, ನಿನಗೂ ಅಂಟಿಸ್ತೀನಿ," ಎಂದ ಮಗ.

ದೊರೆಸಾನಿ ಮರುದಿನ ಓಣಿಯಲ್ಲಿ ಟಕ್ ಟಕ್ ಎಂದು ನಡೆಯಿತು. ಎರಡು ಹಸುಗಳು ಹಿಂದೆ. ಗಮ್ಮಣ್ಣ ಅಂಗಡಿಯ ಬಾಗಿಲಲ್ಲಿ ನಿಂತು, ಗಿರಾಕಿಗಳನ್ನು ಕಾಯಿಸಿ, ಆ ಸದ್ದು ತಿರುವಿನಾಚೆ ಹೋಗುವವರೆಗೂ ಕೇಳಿದ.

ಕೆಲವು ದಿನಗಳ ಮೇಲೆ ಡಾಕ್ಟರಮ್ಮನೇ ಫೋನ್ ಮಾಡಿದರು. ಎಲ್ಲೋ ಲಸಿಕೆ ಹಾಕುವ ಕೆಲಸದ ನಡುವೆ ಇದ್ದರು. ಹಿಂದೆ ಹತ್ತಾರು ದನಗಳ ಕೂಗು.

"ಹೇಗಿದೆ ಅಮ್ಮ ನಿಮ್ಮ ಹಸು?"

"ಚೆನ್ನಾಗಿ ನಡೀತಿದೆ, ಡಾಕ್ಟರಮ್ಮ."

"ಮರ ಬಿತ್ತಾ?"

ಹಾಲಿನಕ್ಕನಿಗೆ ಕನಿಕರವಾಯಿತು. ಪಾಪ, ಡಾಕ್ಟರಮ್ಮ, ಅಷ್ಟು ಕಷ್ಟಪಟ್ಟು ಅಂಟಿಸಿದ್ದರು. "ಬಿತ್ತು," ಎಂದಳು ಮೆಲ್ಲಗೆ. "ಅದಕ್ಕೇನಿಲ್ಲ, ನೀವು ಮನಸ್ಸಿಗೆ ಹಚ್ಕೋಬೇಡಿ. ಎಲ್ಲ ಸರಿಯಾಗಿದೆ."

"ಹಾಗಾದ್ರೆ ಸರಿ," ಎಂದರು ಡಾಕ್ಟರಮ್ಮ, ನಿಜವಾದ ಸಂತೋಷದಿಂದ, ಮತ್ತು ಇಟ್ಟರು.

ಇಬ್ಬರೂ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ಹೇಳಿದ್ದರೆ ಹಸುವಿಗೆ ಒಳ್ಳೆಯದಾಗುತ್ತಿತ್ತು. ಸುಳ್ಳನ್ನು ಯಾರಾದರೂ ಎಂದಾದರೂ ಕೆದಕಿ ನೋಡುತ್ತಾರೆ.

ಟಕ್ ಟಕ್ ಸದ್ದಿನ ನಡುವಿನ ಅಂತರ ಹೆಚ್ಚಾದದ್ದನ್ನು ಮೊದಲು ಗುರುತಿಸಿದವನು ಗಮ್ಮಣ್ಣ. ಬೂಟಿನ ಸದ್ದಿನಿಂದಲೇ ನಡೆಯುವವನನ್ನು ಹೇಳುವ ಕಿವಿ ಅವನದು. ಒಂದು ಬೆಳಿಗ್ಗೆ ಅವನು ಒಳಗೆ ಬಂದು, "ದೊರೆಸಾನಿ ಇವತ್ತು ಸೋಮಾರಿತನ ಮಾಡ್ತಿದೆಯಾ?" ಎಂದು ಕೇಳಿದ. ಬಿಸಿಲು ಜಾಸ್ತಿ ಎಂದಳು ಹಾಲಿನಕ್ಕ. ಆದರೆ ಅವಳಿಗೂ ಗೊತ್ತಿತ್ತು. ಹಾಲು ಇಳಿದಿತ್ತು. ಗೋದಲಿಯಲ್ಲಿ ಮೇವು ಉಳಿಯುತ್ತಿತ್ತು. ನಿಂತಾಗ ಹಸು ಎಡಗಾಲನ್ನು ಬಲಗಾಲಿನ ಮುಂದೆ ಅಡ್ಡ ಇಟ್ಟುಕೊಂಡು, ಮನೆಗೆ ಬಂದ ಹೊಸ ಸೊಸೆ ಕೂರಲೋ ಬೇಡವೋ ಎಂದು ನಿಂತ ಹಾಗೆ ನಿಲ್ಲುತ್ತಿತ್ತು.

ಅವಳು ದಿನವೂ ಕಾಲೆತ್ತಿ ನೋಡಿದಳು. ನೋಡಿದ್ದು ಹೊರಗಿನ ಹೋಳನ್ನು. ಹುಣ್ಣಾಗಿದ್ದು ಅದೇ ತಾನೇ. ತೂತು ಮುಚ್ಚಿ ಮೇಲೆ ಹೊಸ ಗೊರಸು ಬಂದಿತ್ತು, ಮಗುವಿನ ಉಗುರಿನ ಬಣ್ಣ. ಬೆರಳಿನಿಂದ ಒತ್ತಿದಳು, ಹಸು ಮಿಸುಕಲಿಲ್ಲ. ಒಳಗಿನದು ಚೆನ್ನಾಗಿದ್ದ ಹೋಳು, ಅದರ ತಳ ಮರದ ಅಡಿಯಲ್ಲಿ ಮುಚ್ಚಿಹೋಗಿತ್ತು, ಮತ್ತು ಚೆನ್ನಾಗಿರುವುದನ್ನು ಯಾರು ನೋಡುತ್ತಾರೆ?

"ಹುಣ್ಣು ವಾಸಿಯಾಗಿದೆ ಕಣ್ರೀ. ಆದ್ರೂ ಕುಂಟುತ್ತೆ."

"ಮರ ಅಲ್ಲಾಡ್ತಿದೆಯಾ?"

"ಇಲ್ಲ. ಕಲ್ಲಿನ ಹಾಗಿದೆ."

"ಮತ್ತೆ ಅದರದ್ದೇನೂ ತಪ್ಪಿಲ್ಲ," ಎಂದ ಗಮ್ಮಣ್ಣ. ಅವನು ತಿಳಿದ ಪ್ರಪಂಚದಲ್ಲಿ, ಬಿಡದೆ ಇರುವುದೇ ಸರಿಯಾಗಿರುವುದು.

ಇನ್ನೊಂದು ವಾರ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಗೊರಸಿನ ಮೇಲಿನ ಗೆಣ್ಣು ಊದಿಕೊಂಡು, ಮುಟ್ಟಿದರೆ ಬಿಸಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮರದ ಅಂಚಿನಿಂದ ಏನೋ ಸೋರಿತು. ವಾಸನೆ ಅಡುಗೆಮನೆಯವರೆಗೂ ಬಂತು. ಅತ್ತೆ ಮೂಗಿಗೆ ಸೆರಗು ಹಿಡಿದು ಬಂದವಳು, ಸೊಸೆಯ ಮುಖ ನೋಡಿ ಸೆರಗು ಇಳಿಸಿದಳು. ಮರುದಿನ ದೊರೆಸಾನಿ ಏಳಲಿಲ್ಲ. ಹಗ್ಗ ಹಿಡಿದೆಳೆದರು, ಬಾಲದ ಬುಡಕ್ಕೆ ಭುಜ ಕೊಟ್ಟು ಎತ್ತಿದರು. ಅದು ಮುಂಗಾಲು ಊರಿ ಅರ್ಧ ಎದ್ದು, ಹಿಂದಿನದನ್ನು ಊರಲಾರದೆ, ನಿಧಾನವಾಗಿ, ಯಾರಿಗೂ ತೊಂದರೆ ಕೊಡಬಾರದು ಎಂಬಂತೆ, ಮತ್ತೆ ಮಲಗಿತು.

ಡಾಕ್ಟರಮ್ಮ ಬಂದು, ಒಣಹುಲ್ಲಿನ ಮೇಲೆ ಮೊಣಕಾಲೂರಿ, ಕಾಲನ್ನು ತೊಡೆಯ ಮೇಲೆ ಎಳೆದುಕೊಂಡರು. ಎಳೆದುಕೊಂಡವರ ಕೈ ಹಾಗೇ ನಿಂತಿತು.

"ಇದೇನಿದು?"

ಡಾಕ್ಟರಮ್ಮ ಮರವನ್ನು ಬೆರಳಿನಿಂದ ತಟ್ಟಿದರು.

"ಬಿತ್ತು ಅಂದಿದ್ರಲ್ಲ, ಅಮ್ಮ."

"ಬಿದ್ದಿತ್ತು," ಎಂದಳು ಹಾಲಿನಕ್ಕ. "ಮತ್ತೆ ಅಂಟಿಸಿದ್ವಿ."

"ನಾನು ಅಂಟಿಸಿದ್ದು," ಎಂದ ಗಮ್ಮಣ್ಣ, ಹೊಸಿಲಾಚೆ ನಿಂತು. "ಅವಳಲ್ಲ."

ಡಾಕ್ಟರಮ್ಮ ಮರದ ಅಂಚಿಗೆ ಚಾಕು ತೂರಿಸಿ ಮೀಟಲು ನೋಡಿದರು. ಚಾಕು ಬಾಗಿತು. ಉಳಿ ಇಟ್ಟು ಹೊಡೆದರು. ದೊರೆಸಾನಿ ಮಲಗಿದಲ್ಲಿಂದಲೇ ನರಳಿತು, ಮರ ಅಲುಗಲಿಲ್ಲ. ಹೊಡೆಯುವುದನ್ನು ಬಿಟ್ಟು, ಬೆರಳಿನಿಂದ ಗೆಣ್ಣನ್ನು ಒತ್ತಿ, ಅದರ ಮೇಲಿನ ಗೆಣ್ಣನ್ನೂ ಒತ್ತಿ, ಸೂಜಿ ಚುಚ್ಚಿ ಎಳೆದು, ಸಿರಿಂಜಿನೊಳಗೆ ಬಂದ ಮಂದವಾದ ಹಳದಿಯನ್ನು ಬೆಳಕಿಗೆ ಹಿಡಿದರು. ಆಮೇಲೆ ಸಿರಿಂಜನ್ನು ಪಕ್ಕಕ್ಕಿಟ್ಟರು.

"ಹುಣ್ಣು ಮಾಯೋವರೆಗೆ ಮಾತ್ರ ಇರಲಿ ಅಂತಲೇ ಅಂಥ ಅಂಟು ಹಾಕೋದು," ಎಂದರು. "ಗೊರಸು ಬೆಳೀತಾ ಬೆಳೀತಾ ತಾನೇ ಬಿಡುತ್ತೆ. ಬಿದ್ದ ದಿನ ನಿಮ್ಮ ಹಸುವಿನ ಹುಣ್ಣು ಮಾಯ್ದಿತ್ತು. ಫೋನ್ ಮಾಡಿ ಅಂದಿದ್ದು, ಬಂದು ಒಂದು ಸಲ ಸಮ ಮಾಡಿ ಹೋಗೋಣ ಅಂತ."

"ಬಿದ್ದದ್ದು ಒಳ್ಳೇದಕ್ಕಾ?" ಎಂದಳು ಹಾಲಿನಕ್ಕ.

"ಮತ್ತೆ ಅಂಟಿಸಿದ ಮೇಲೆ ಇಡೀ ಭಾರ ಈ ಒಳ್ಳೆ ಹೋಳಿನ ಮೇಲೇ ಬಿತ್ತು. ಹಿಂದುಗಡೆ ಉದ್ದ ಬಿಟ್ಟಿದ್ದೆನಲ್ಲ, ಹಿಮ್ಮಡಿಗೆ ಆಸರೆ ಅಂತ. ಅದನ್ನ ಕೊಯ್ದಿದ್ದೀರಿ. ಆ ಅಂಚು ದಿನಾ ಒಂದೇ ಜಾಗಕ್ಕೆ ಒತ್ತಿದೆ."

"ಒರಟಾಗಿತ್ತು," ಎಂದ ಗಮ್ಮಣ್ಣ. ಅವನ ದನಿ ಅವನಿಗೇ ಕೇಳಿಸಿದಂತಿರಲಿಲ್ಲ.

"ಈ ಹೋಳನ್ನು ಕತ್ತರಿಸಿ ತೆಗೆಯೋಕೆ ಆಗಲ್ವಾ?" ಹಾಲಿನಕ್ಕ ಕೇಳಿದಳು. "ಕಾಲುವೆ ಆಚೆಯವರ ಹಸುವಿಗೆ ಹಾಗೆ ಮಾಡಿದ್ರಂತಲ್ಲ. ಒಂದರ ಮೇಲೇ ನಡೆಯುತ್ತಂತೆ."

"ಹೋದ ವಾರ ಆಗಿದ್ದರೆ ತೆಗೀತಿದ್ದೆ. ಈಗ ಮೇಲಿನ ಕೀಲಿಗೂ ಹತ್ತಿದೆ, ಅಮ್ಮ. ಎಲ್ಲಿ ಅಂತ ಕತ್ತರಿಸಲಿ?" ಡಾಕ್ಟರಮ್ಮ ಎದ್ದು ನಿಂತರು. "ನನ್ನದೂ ತಪ್ಪಿದೆ. ಬಿತ್ತು ಅಂದ್ರಿ, ಖುಷಿಯಾಗಿ ಫೋನ್ ಇಟ್ಟುಬಿಟ್ಟೆ. ಇನ್ನೊಂದು ಮಾತು ಕೇಳಬೇಕಿತ್ತು."

ನೋವಿಗೆ ಒಂದು ಇಂಜೆಕ್ಷನ್ ಕೊಟ್ಟರು. ನೋವಿಲ್ಲದೆ ಕೊನೆಗಾಣಿಸುವ ಔಷಧಿ ಗಾಡಿಯಲ್ಲಿ ಇರಲಿಲ್ಲ. ತೆಗೆದುಕೊಂಡು ಸಂಜೆಯೊಳಗೆ ಬರುತ್ತೇನೆ ಎಂದರು. ಬೇಡ ಎನ್ನುವುದಾದರೆ ಈಗಲೇ ಹೇಳಿ, ಆದರೆ ಬೇಡ ಎಂದರೆ ಅದು ನರಳುವುದು ಬಿಟ್ಟು ಬೇರೇನೂ ಇಲ್ಲ, ಎಂದೂ ಹೇಳಿದರು. ಹಾಲಿನಕ್ಕ ಬನ್ನಿ ಎಂದಳು.

ಗಾಡಿಯ ಸದ್ದು ಹೋದ ಮೇಲೆ ಗಮ್ಮಣ್ಣ ಬೈಗುಳಕ್ಕೆ ಕಾದ. ಹೊಸಿಲಾಚೆಯೇ ನಿಂತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಕಾದ. ಕರು ಪಾಲಿಶ್ ನೆಕ್ಕಿದ ದಿನ ಅವಳು ಬೀದಿಗೆ ಕೇಳುವಂತೆ ಬೈದಿದ್ದಳು. ಅದರ ಕಾಲು ಭಾಗ ಈಗ ಬೈದಿದ್ದರೂ ಅವನು ಋಣಿಯಾಗಿರುತ್ತಿದ್ದ. ಅವಳು ಹಸುವಿನ ಪಕ್ಕ ಕುಳಿತು ಅದರ ಕಿವಿಯಿಂದ ಒಂದೊಂದೇ ಉಣ್ಣಿಯನ್ನು ತೆಗೆಯುತ್ತಿದ್ದಳು, ಹಸು ನಾಳೆಯೂ ಇರುತ್ತದೆ ಎಂಬಂತೆ.

"ರೀ," ಎಂದಳು.

"ಹೇಳು."

"ಅದನ್ನ ಬಿಡಿಸ್ತೀರಾ? ಹೋಗುವಾಗಲಾದ್ರೂ ಕಾಲು ಬರಿದಾಗಿರಲಿ."

ಗಮ್ಮಣ್ಣ ಅಂಗಡಿಗೆ ಹೋದ. ಕಪಾಟಿನ ಮುಂದೆ ನಿಂತ. ಅಂಟಿಸುವ ಡಬ್ಬಿಗಳು ಮೇಲಿನ ಸಾಲಿನಲ್ಲಿ ಇದ್ದವು, ಕೆಳಗಿನ ಸಾಲಿನಲ್ಲಿಯೂ ಇದ್ದವು. ಬಿಡಿಸುವುದಕ್ಕೆ ಅವನಲ್ಲಿ ಏನೂ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಪೆಟ್ರೋಲು ಹಿಡಿದು ಬಂದ. ಬಟ್ಟೆ ನೆನೆಸಿ ಅಂಚಿಗೆ ಸುತ್ತಿದ, ಹಿಂಡಿದ, ಮತ್ತೆ ನೆನೆಸಿದ. ಬಿಸಿನೀರು ತಂದ. ಚರ್ಮ ಕೊಯ್ಯುವ ಅತಿ ತೆಳುವಾದ ಕತ್ತಿಯನ್ನು ಅಂಟಿನ ಸಾಲಿಗೆ ಹಿಡಿದು, ಉಸಿರು ಬಿಗಿಹಿಡಿದು ಒತ್ತಿದ. ಕೂದಲೆಳೆಯಷ್ಟೂ ಒಳಗೆ ಹೋಗಲಿಲ್ಲ. ಗರಗಸ ತಂದ, ಮೊದಲ ಎಳೆತಕ್ಕೇ ಹಸುವಿನ ಮೈಯೆಲ್ಲ ಅದುರಿತು, ಹಾಲಿನಕ್ಕ ಅವನ ಮಣಿಕಟ್ಟು ಹಿಡಿದಳು.

"ಸಾಕು ಬಿಡಿ."

"ಇರು, ಇನ್ನೊಂದು ಸಲ."

"ಬಿಡಿ. ಕೈ ನೋವಾಗುತ್ತೆ."

ಅದೇ ಮಾತು, ಅದೇ ಜಾಗ. ಇಬ್ಬರಿಗೂ ಅದು ತಿಳಿಯಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಅತ್ತೆ ಗೋಡೆ ಹಿಡಿದುಕೊಂಡು ಹೊಸಿಲವರೆಗೆ ಬಂದಳು. ಸ್ವಲ್ಪ ಹೊತ್ತು ನಿಂತಳು. "ನಾನು ಆಗಲೇ ಹೇಳಿದ್ದೆ ಅನ್ನೋಣ ಅಂದ್ರೆ," ಎಂದಳು, "ನಾನೂ ಹೇಳಿರಲಿಲ್ಲ." ಬಂದ ಹಾಗೆ ಗೋಡೆ ಹಿಡಿದುಕೊಂಡು ಹೋದಳು.

ಸಂಜೆ ಡಾಕ್ಟರಮ್ಮ ಬಂದರು. ಹಾಲಿನಕ್ಕ ಹಗ್ಗವನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು, ಕಾಲುವೆಗೆ ಹೊರಡುವ ಮುಂಚೆ ಹಿಡಿಯುವ ಹಾಗೆ, ಸಡಿಲವಾಗಿ. ಸೂಜಿ ಕುತ್ತಿಗೆಯ ನರಕ್ಕೆ ಇಳಿಯಿತು. ಹಸುವಿನ ದವಡೆ ಎರಡು ಸಲ ಮೆಲುಕು ಹಾಕಿ, ಮೂರನೆಯದಕ್ಕೆ ನಿಂತಿತು. ಹಗ್ಗ ಅಲುಗಲಿಲ್ಲ. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ತೆಗೆದು, ತಲೆಯಾಡಿಸಿದರು. ಪಕ್ಕದ ಎರಡು ಹಸುಗಳು ಹುಲ್ಲು ತಿನ್ನುತ್ತಿದ್ದವು.

ಬೆಳಿಗ್ಗೆ ಆ ಎರಡನ್ನೂ ಬಿಚ್ಚಿದಾಗ ಅವು ಓಣಿಯವರೆಗೆ ಬಂದು ನಿಂತವು. ಹಾಲಿನಕ್ಕ ಹೊಡೆದಳು, ಎಳೆದಳು, ಕದಲಲಿಲ್ಲ. ಸೈಕಲ್ಲಿನವರು ಗಂಟೆ ಬಾರಿಸಿದರು. ಕೊನೆಗೆ ಅವಳೇ ಮುಂದೆ ನಡೆದಳು, ಪಿನ್ನು ಚುಚ್ಚಿದ ಚಪ್ಪಲಿಯಲ್ಲಿ, ಅವು ಹಿಂದೆ ಬಂದವು. ಅಂಗಡಿಯ ಬಾಗಿಲಲ್ಲಿ ಗಮ್ಮಣ್ಣ ನಿಂತಿದ್ದ. ಆ ಚಪ್ಪಲಿ ಕೊಡು, ಹೊಲಿದು ಕೊಡ್ತೀನಿ ಎಂದು ಹೇಳಲು ಬಾಯಿ ತೆರೆದ. ಅವಳು ಅವನನ್ನು ದಾಟಿ ಹೋದಳು, ಕೋಪದಿಂದಲ್ಲ, ಅಲ್ಲಿ ಯಾರೂ ನಿಂತಿಲ್ಲವೆಂಬಂತೆ. ಅವನು ಒಳಗೆ ಬಂದು ಅಚ್ಚಿನ ಮೇಲೆ ಯಾರದೋ ಬೂಟು ಇಟ್ಟ. ಅದರ ಯಜಮಾನ ಬಂದಾಗ ಜೋಡನ್ನು ಕೈಗೆ ಕೊಟ್ಟನೇ ಹೊರತು ಹಳೆಯ ಮಾತನ್ನು ಹೇಳಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತು ಸ್ವಲ್ಪ ಕಾದು ಹೋದ.

ದೊರೆಸಾನಿಯನ್ನು ಕೊಟ್ಟಿಗೆಯ ಹಿಂದಿನ ಜಾಗದಲ್ಲಿ ಹೂಳಿದರು. ಮರದ ತುಂಡು ಕಾಲಿನಲ್ಲೇ ಇತ್ತು. ಅಂಟು ಬಿಟ್ಟಿರಲಿಲ್ಲ.